ಗಂಡಸರ ಬೀಡಿ ಕಾಣುತ್ತೆ, ಹೆಂಗಸರ ಹೊಗೆಸೊಪ್ಪು ಕಾಣಲ್ಲ

ಟೀ ಅಂಗಡಿ ಮುಂದೆ ಸಿಗರೇಟು ಹಚ್ಚಿ ನಿಂತವರಲ್ಲಿ ಹೆಂಗಸರು ಇರೋದು ನಮ್ಮ ಕಡೆ ಅಪರೂಪ. ಹಾಗಂತ ಹೆಂಗಸರಿಗೆ ತಂಬಾಕಿನ ಚಟವೇ ಇಲ್ಲ ಅನ್ನುವ ಹಾಗಿಲ್ಲ.

ಕೇಂದ್ರ ಸರ್ಕಾರ 2016-17ರಲ್ಲಿ ಮಾಡಿಸಿದ ಸಮೀಕ್ಷೆ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ 19ರಷ್ಟು ಮಂದಿ ಬೀಡಿ, ಸಿಗರೇಟು ಸೇದುತ್ತಾರೆ. ಹೆಂಗಸರಲ್ಲಿ ಬರೀ ಶೇ 2. ಅದೇ ಬಾಯಿಗೆ ಹಾಕಿಕೊಳ್ಳುವ ತಂಬಾಕಿನ ಲೆಕ್ಕ ನೋಡಿ: ಗಂಡಸರು ಶೇ 29.6, ಹೆಂಗಸರು ಶೇ 12.8. ಅಂದರೆ ಸೇದುವ ಹೆಂಗಸರ ಆರು ಪಟ್ಟಿಗೂ ಹೆಚ್ಚು ಮಂದಿ ಅಗಿಯುತ್ತಾರೆ.

ಬೀಡಿ ಹಚ್ಚಿದರೆ ಬೀದಿಗೆಲ್ಲ ವಾಸನೆ. ಹೆಂಗಸು ಸೇದಿದರಂತೂ ಊರೆಲ್ಲ ಮಾತು. ಎಲೆ, ಅಡಿಕೆ, ಸುಣ್ಣದ ಜೊತೆ ಚೂರು ಹೊಗೆಸೊಪ್ಪು ಸೇರಿಸಿದರೆ ಯಾರೂ ಕೇಳಲ್ಲ. ಕೂಲಿ ಕೆಲಸದ ನಡುವೆ ಹಸಿವು ತಡೆಯೋಕೆ, ಹಲ್ಲುನೋವಿಗೆ ಅಂತ ಶುರುವಾಗಿದ್ದು ಹಾಗೇ ಉಳಿದುಬಿಡುತ್ತೆ. ಮನೆಯವರ ಪ್ರಕಾರ ಅದು ಚಟವೂ ಅಲ್ಲ, 'ಎಲೆಅಡಿಕೆ ಹಾಕ್ತಾರೆ, ಅಷ್ಟೇ'.

ಆಸ್ಪತ್ರೆಯಲ್ಲಿ 'ಬೀಡಿ, ಸಿಗರೇಟು ಸೇದ್ತೀರಾ?' ಅಂತ ಕೇಳಿದರೆ ಅವರು ಇಲ್ಲ ಅಂತಾರೆ. ಅದು ಸುಳ್ಳೂ ಅಲ್ಲ. ಆದರೆ ಬಾಯಿ ಕ್ಯಾನ್ಸರ್‌ಗೆ ಹೊಗೆಸೊಪ್ಪು ದೊಡ್ಡ ಕಾರಣ. ಬಸುರಿಯರು ಹಾಕಿಕೊಂಡರೆ ಮಗು ತೂಕ ಕಡಿಮೆ ಇರೋದು, ದಿನ ತುಂಬುವ ಮೊದಲೇ ಹೆರಿಗೆ ಆಗೋದು ಜಾಸ್ತಿ. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯೋಕೆ ಆಗದಿರೋದು, ಇಷ್ಟರಲ್ಲಿ ಯಾವುದಿದ್ದರೂ ತಡ ಮಾಡದೆ ತೋರಿಸಬೇಕು.

ಇನ್ನು ಮನೆಯೊಳಗೆ ಗಂಡ ಸೇದುವ ಹೊಗೆ ಹೆಂಡತಿ, ಮಕ್ಕಳ ಎದೆಗೂ ಹೋಗುತ್ತೆ. ಕರಾವಳಿಯಲ್ಲಂತೂ ಬೀಡಿ ಸೇದೋರು ಗಂಡಸರು, ಮನೆಯಲ್ಲಿ ಕೂತು ಕಟ್ಟೋರು ಹೆಚ್ಚಾಗಿ ಹೆಂಗಸರು. ತಂಬಾಕಿನ ಧೂಳು ಅವರ ಪಾಲಿಗೆ.

ಅಂಗಡಿಯವರು ಗಮನಿಸಬೇಕಾದ್ದು: 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. 'ಅಜ್ಜಿ ಹೊಗೆಸೊಪ್ಪು ತರೋಕೆ ಹೇಳಿದ್ರು' ಅಂತ ಮಗು ಬಂದರೂ ಕೊಡುವಂತಿಲ್ಲ. ಶಾಲೆ, ಕಾಲೇಜಿನಿಂದ 100 ಮೀಟರ್ ಒಳಗೆ ಮಾರಾಟವೇ ಇಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರಷ್ಟೇ ಅಲ್ಲ, ಅಗಿದು ಉಗುಳಿದರೂ 1,000 ರೂಪಾಯಿವರೆಗೆ ದಂಡ.

ಬಿಡಬೇಕು ಅನ್ನೋರು 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಸೇದೋರಿಗೆ ಮಾತ್ರ ಅಲ್ಲ, ಹೊಗೆಸೊಪ್ಪು, ಗುಟ್ಕಾ ಹಾಕೋರಿಗೂ ಇದೇ ನಂಬರ್.