ಫೈಲಲ್ಲಿ ಇಲ್ಲದ್ದು ಅಜ್ಜನ ಹತ್ರ ಉಂಟು (ನಮ್ಮೂರ ಚರಿತ್ರೆ)

1/5
ಸುಳ್ಯದಿಂದ ಸಂಪಾಜೆ ಕಡೆ ಹೋಗುವಾಗ ನಮ್ಮ ಅರಂತೋಡು ಸಿಗ್ತದಲ್ಲ, ಈ ಸೀಮೆ ಒಂದು ಕಾಲದಲ್ಲಿ ಕೊಡಗಿನ ಅರಸರದ್ದು ಅಂತ ಗೊತ್ತುಂಟಾ? 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿದರು, ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು.

2/5
1837ರಲ್ಲಿ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನದಲ್ಲಿ ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ಕ್ಕೆ ಮಂಗಳೂರು ತಲುಪಿ, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸೈನ್ಯ ಅವರನ್ನು ಹತ್ತಿಕ್ಕಿತು. ಆಮೇಲೆ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಅಂದರೆ ಲೂಟಿ! ರಾಮಯ್ಯ ಗೌಡರ ಪ್ರತಿಮೆ ಅದೇ ಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ, 185 ವರ್ಷ ಕಳೆದ ಮೇಲೆ. ಸೋತವರ ಮಾತನ್ನು ಆಗಲೇ ಯಾರಾದರೂ ಕೂತು ಕೇಳಿ ಬರೆದಿಟ್ಟಿದ್ದರೆ, ಆ ಹೆಸರು ಅಷ್ಟು ಕಾಲ ಉಳೀತಿತ್ತಾ?

3/5
1837ನ್ನು ಕಂಡವರು ಈಗ ಇಲ್ಲ. ಆದರೆ 1974ನ್ನು ಕಂಡವರು ಇದ್ದಾರೆ. ಆ ವರ್ಷ ಮಾರ್ಚ್ 1ಕ್ಕೆ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ದುಡಿಯುತ್ತಿದ್ದ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ಜಾಗ ಕೇಳಿದರು. ಆದೇಶ ಫೈಲಲ್ಲಿ ಸಿಗ್ತದೆ. ಆದರೆ ಧನಿಗಳ ಅಂಗಳದಲ್ಲಿ ಕೈಕಟ್ಟಿ ನಿಂತವರಿಗೆ ಅರ್ಜಿ ಹಾಕ್ಲಿಕ್ಕೆ ಧೈರ್ಯ ಎಲ್ಲಿಂದ ಬಂತು? ಜಾಗ ಕಳಕೊಂಡ ಮನೆಯಲ್ಲಿ ಅವತ್ತು ಏನಾಯ್ತು? ಅದು ಫೈಲಲ್ಲಿ ಇಲ್ಲ. ಆಗ ನಮ್ಮ ಹಾಗೆ 20ರಲ್ಲಿ ಇದ್ದವರಿಗೆ ಈಗ 70 ದಾಟಿದೆ.

4/5
ಕೇಳುವುದು ಹೇಗೆ ಅಂತ ತೋರಿಸಿದ ಶಾಲೆ ಒಂದುಂಟು. 1966ರಲ್ಲಿ ಅಮೆರಿಕದ ಜಾರ್ಜಿಯಾದ ಗುಡ್ಡಗಾಡಿನ ಹೈಸ್ಕೂಲ್ ಮಕ್ಕಳು ಊರಿನ ಹಿರಿಯರ ಮನೆಗೆ ಹೋಗಿ ಮರದ ಮನೆ ಕಟ್ಟುವುದು, ಮನೆಮದ್ದು, ಹಳೇ ಕಥೆ ಎಲ್ಲ ಕೇಳಿ ‘ಫಾಕ್ಸ್‌ಫೈರ್’ ಅನ್ನುವ ಪತ್ರಿಕೆ ಶುರು ಮಾಡಿದರು. 1972ರಲ್ಲಿ ಅದು ಪುಸ್ತಕ ಆಯ್ತು, ಲಕ್ಷಗಟ್ಟಲೆ ಪ್ರತಿ ಹೋಯ್ತು. ಮಕ್ಕಳು ಪ್ರಶ್ನೆ ಕೇಳಲು, ಬರೆಯಲು ಕಲಿತರು. ‘ಹಳೇ ಕಾಲದವರು’ ಅನಿಸಿಕೊಂಡವರು ಕಲಿಸುವವರಾದರು.

5/5
ನಮ್ಮ ಶಾಲೆಗಳಲ್ಲೂ ತಿಂಗಳಿಗೊಂದು ಶನಿವಾರ ಇದಕ್ಕೆ ಇಡಬಹುದಲ್ಲ? ಅಜ್ಜಿ ಅರೆಭಾಷೆಯಲ್ಲೋ ತುಳುವಿನಲ್ಲೋ ಹೇಳಿದರೆ ಹಾಗೆಯೇ ಬರೆಯಿರಿ, ಆ ಮಾತೂ ಉಳೀತದೆ. ಇಸವಿ ಆಚೆ ಈಚೆ ಆಗಬಹುದು, ಆರ್‌ಟಿಸಿ ಜೊತೆ ತಾಳೆ ನೋಡಿ. ಬಿಕಾಂನವರಿಗೆ ಗೊತ್ತಲ್ಲ, ವೋಚರ್ ಇಲ್ಲದ ಎಂಟ್ರಿ ನಿಲ್ಲುವುದಿಲ್ಲ!

ಈ ವಾರ ಒಂದೇ ಪ್ರಶ್ನೆ ಕೇಳಿ: “ಅಜ್ಜ, ಡಿಕ್ಲರೇಶನ್ ಟೈಮಲ್ಲಿ ನಮ್ಮ ಮನೆಯಲ್ಲಿ ಏನಾಯ್ತು?” ಅವರು ಒಪ್ಪಿದರೆ ಮಾತ್ರ ಮೊಬೈಲಲ್ಲಿ ರೆಕಾರ್ಡ್ ಮಾಡಿ.

#ನಮ್ಮೂರಚರಿತ್ರೆ #ಅರಂತೋಡು #ಅಮರಸುಳ್ಯ