ಗೋಕಾಕ ಪರಿಸರದ ಗೊಂಬೆಗಾರಿಕೆಯಲ್ಲಿ ಪ್ರಾಣಿರೂಪಗಳು

ಪೂರ್ವಾಭಿಮುಖವಾಗಿ ಹರಿಯುವ ಘಟಪ್ರಭೆಯು ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳನ್ನು ಒಂದೇ ಕೃಷಿ ಪರಿಸರವಾಗಿ ಬೆಸೆದಿದೆ. ಮೂಡಲಗಿಯು ಹಿಂದೆ ಗೋಕಾಕ ತಾಲ್ಲೂಕಿನಲ್ಲಿಯೇ ಅಡಕವಾಗಿತ್ತು. ದನಕರುಗಳೇ ಸಂಪತ್ತೆನಿಸಿದ ಇಂಥ ಸೀಮೆಯಲ್ಲಿ ಪ್ರಾಣಿರೂಪವು ಕೇವಲ ಮಕ್ಕಳ ಆಟಿಕೆಯಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಜೋಡೆತ್ತುಗಳನ್ನೂ ಅವುಗಳ ಮುಂದೆ ಗ್ವಾದಲಿಯನ್ನೂ ಮಾಡಿ ಪೂಜಿಸುವುದು ಉತ್ತರ ಕರ್ನಾಟಕದ ರೂಢಿ. ಈ ಹಿನ್ನೆಲೆಯಲ್ಲಿಯೇ ಗೋಕಾಕದ ಗೊಂಬೆಗಳನ್ನು ಪರಿಶೀಲಿಸಬೇಕು.

1908ರ ಇಂಪೀರಿಯಲ್ ಗೆಜೆಟಿಯರ್, ಗೋಕಾಕದಲ್ಲಿ ಬಣ್ಣಗಾರಿಕೆ ಮತ್ತು ನೇಯ್ಗೆ ಇಳಿಮುಖವಾದುದನ್ನು ದಾಖಲಿಸಿ, ಅಲ್ಲಿಯ ಗೊಂಬೆಗಳು ಮಾತ್ರ ಪ್ರಸಿದ್ಧವೆಂದು ಹೇಳುತ್ತದೆ. ಆಕೃತಿಗಳನ್ನೂ ಹಣ್ಣುಗಳನ್ನೂ ಹೋಲುವ ಈ ಗೊಂಬೆಗಳಿಗೆ ಸಮೀಪದ ಗುಡ್ಡಗಳ ಹಗುರ ಮರ ಹಾಗೂ ಒಂದು ವಿಶಿಷ್ಟ ಮಣ್ಣು ಬಳಕೆಯಾಗುತ್ತಿದ್ದವು. ಈ ಕಸುಬಿನೊಡನೆ ಜೀನಗಾರ ಸಮುದಾಯದ ಹೆಸರು ಬೆಸೆದುಕೊಂಡಿದೆ. ಕುದುರೆಯ ಜೀನು ಮಾಡುವ ವೃತ್ತಿಯಿಂದ ಬಂದ ಹೆಸರಿದು.

ಮರವೂ ಮಣ್ಣೂ ಜೊತೆಯಾಗಿ ಉಲ್ಲೇಖಗೊಂಡಿರುವುದು ಗಮನಾರ್ಹ. ಹಸು ಮತ್ತು ಹಾಲುಣ್ಣುವ ಕರುವಿನ ಗುಂಪನ್ನೇ ಉದಾಹರಣೆಯಾಗಿ ನೋಡಬಹುದು. ಹಗುರ ಮರವು ಉಳಿಗೆ ಬೇಗ ಮಣಿಯುತ್ತದೆ. ಆದರೆ ಎಳೆಗೆ ಅಡ್ಡಲಾಗಿ ಕೊರೆದ ಕಾಲು, ಕೊಂಬು, ಕಿವಿಗಳು ಸುಲಭವಾಗಿ ಮುರಿಯುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಇದೇ ಬಗೆಯ ಹಗುರ ಮರದಲ್ಲಿ ಅಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ನಾರು, ಮರದ ಹೊಟ್ಟು ಮತ್ತು ಅಂಟು ಬೆರೆತ ‘ಕಿಟ್ಟ’ವು ಸಂದುಗಳನ್ನು ಮುಚ್ಚುತ್ತದೆ. ಕಲ್ಲಿನ ಪುಡಿಯ ಲೇಪ ಬಣ್ಣಕ್ಕೆ ನೆಲೆಯಾಗುತ್ತದೆ. ಹೀಗೆ ಉಳಿ ಕೊಡುವುದು ನಿಲುವನ್ನು. ಸೂಕ್ಷ್ಮ ವಿವರ ಮೂಡುವುದು ಲೇಪದಲ್ಲಿ ಮತ್ತು ಕುಂಚದಲ್ಲಿ. ಚನ್ನಪಟ್ಟಣದ ತಿರುಗಣೆಯಲ್ಲಿ ಉರುಟಾಗುವ ಅರಗಿನ ಗೊಂಬೆಗೂ ಕೈಕೆತ್ತನೆಯ ಈ ಪರಂಪರೆಗೂ ಇರುವ ಮೂಲಭೂತ ವ್ಯತ್ಯಾಸ ಇದೇ. ಕರುವಿನತ್ತ ತಿರುಗಿದ ತಾಯಿಯ ಕೊರಳನ್ನು ತಿರುಗಣೆ ಕೊಡಲಾರದು.

ಆದುದರಿಂದ ಗೋಕಾಕದ ಗೊಂಬೆಯನ್ನು ಕೇವಲ ‘ಮರಗೆಲಸ’ವೆಂದು ವರ್ಗೀಕರಿಸುವುದು ಅದರ ಅರ್ಧ ಚರಿತ್ರೆಯನ್ನು ಕೈಬಿಟ್ಟಂತೆ. ಸಂಗ್ರಹಾಲಯದ ಗಾಜಿನೊಳಗೆ ವಸ್ತು ಉಳಿದೀತು. ಗುಡ್ಡದ ಮರ, ನೆಲದ ಮಣ್ಣು ಮತ್ತು ಅವೆರಡನ್ನೂ ಬೆಸೆಯುವ ಕೈಯ ಅರಿವು ಅಲ್ಲಿ ಉಳಿಯಲಾರವು. ಬಣ್ಣಗಾರರೂ ನೇಕಾರರೂ ಹಿಂದೆ ಸರಿದ ಊರಿನಲ್ಲಿ ಉಳಿದು ಬಂದ ಈ ಕಸುಬಿನ ವಿಧಾನವನ್ನು ಕುಶಲಕರ್ಮಿಗಳ ಮಾತಿನಲ್ಲಿಯೇ, ಅವರ ಪಾರಿಭಾಷಿಕ ಪದಗಳ ಸಹಿತ ದಾಖಲಿಸುವುದು ಪ್ರಾದೇಶಿಕ ಚರಿತ್ರೆಯ ತುರ್ತು ಕಾರ್ಯವಾಗಿದೆ.