ಮುಟ್ಟು ನಿಲ್ಲಿಸುವ ಮಾತ್ರೆ, ಇಂಜೆಕ್ಷನ್: ಟ್ರಾನ್ಸ್ ಪುರುಷರು ತಿಳಿದಿರಬೇಕಾದ ಸಂಗತಿಗಳು

ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ, ಇಲ್ಲವೇ ತಿರುಪತಿ ಯಾತ್ರೆ ಹತ್ತಿರ ಬಂತೆಂದರೆ ಮೆಡಿಕಲ್ ಶಾಪಿನಲ್ಲಿ 'ಮುಟ್ಟು ಮುಂದೆ ಹಾಕುವ ಮಾತ್ರೆ' ಕೇಳುವವರು ಹೆಚ್ಚುತ್ತಾರೆ. ಗಡಿಯ ಈಚೆಗೂ ಅಷ್ಟೆ, ಆಚೆಗೂ ಅಷ್ಟೆ. ಕೇಳುವವರು ತಗ್ಗಿದ ದನಿಯಲ್ಲಿ ಕೇಳುತ್ತಾರೆ, ಕೊಡುವವರು ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಆದರೆ ಜಾತ್ರೆಯೂ ಇಲ್ಲದೆ, ಮದುವೆಯೂ ಇಲ್ಲದೆ, 'ಇದು ಯಾವ ತಿಂಗಳೂ ಬರುವುದೇ ಬೇಡ' ಎನ್ನುವವರೂ ಇದ್ದಾರೆ. ಹುಟ್ಟಿದಾಗ ಹೆಣ್ಣೆಂದು ಬರೆಸಿಕೊಂಡು, ಒಳಗೆ ತಾನು ಗಂಡೆಂದೇ ತಿಳಿದು ಬದುಕುವ ಟ್ರಾನ್ಸ್ ಪುರುಷರು ಇವರು. ತಮಿಳುನಾಡಿನ ಕಡೆ ಇವರನ್ನು 'ತಿರುನಂಬಿ' ಎನ್ನುತ್ತಾರೆ. ಮಂಗಳಮುಖಿಯರನ್ನು ಎಲ್ಲರೂ ಬಲ್ಲರು. ಅದರ ತಿರುಗುಮುರುಗಾದ ಈ ಬದುಕು ಮಾತ್ರ ಹಲವರ ಕಣ್ಣಿಗೆ ಬಿದ್ದೇ ಇಲ್ಲ.

ದೇಹ ಒಂದು ಹೇಳಿ ಮನಸ್ಸು ಇನ್ನೊಂದು ಹೇಳುವಾಗ ಆಗುವ ತೀವ್ರ ಸಂಕಟಕ್ಕೆ ವೈದ್ಯರು ಡಿಸ್ಫೋರಿಯಾ ಎನ್ನುತ್ತಾರೆ. ಅದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ, ಈ ಹೊಂದಾಣಿಕೆಯಿಲ್ಲದ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ಹೊರಗಿಡಲಾಯಿತು. ಸಂಕಟವಂತೂ ನಿಜ. ಎಷ್ಟೋ ಮಂದಿಗೆ ಅದು ಅತಿ ಹೆಚ್ಚಾಗುವುದು ಮುಟ್ಟಿನ ದಿನಗಳಲ್ಲಿ.

ಯಾಕೆ ಎಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಮುಟ್ಟು ಒಬ್ಬರ ಗುಟ್ಟಾಗಿ ಉಳಿಯಬಹುದು. ಹಳ್ಳಿಯಲ್ಲಿ 'ಹೊರಗೆ ಕೂತರೆ' ಇಡೀ ಬೀದಿಗೆ ಗೊತ್ತಾಗುತ್ತದೆ. ಮೊದಲ ಸಲ ಮೈನೆರೆದಾಗಲಂತೂ ಆರತಿ, ಸೀರೆ, ಊಟ. ಹೊಸೂರು, ತಾಳವಾಡಿ ಕಡೆ ಫ್ಲೆಕ್ಸ್ ಬ್ಯಾನರ್ ಕಟ್ಟುವ ಮನೆಗಳೂ ಉಂಟು. ಶರ್ಟು ತೊಟ್ಟು, ತಲೆಗೂದಲು ಕತ್ತರಿಸಿಕೊಂಡು ಹೇಗೋ ಗಂಡಾಗಿ ಓಡಾಡುವ ಹುಡುಗನನ್ನು ತಿಂಗಳಿಗೊಮ್ಮೆ 'ನೀನು ಹೆಣ್ಣು' ಎಂದು ಕೂಡಿಹಾಕಿದಂತೆ ಅದು. ಕೆಲಸದ ಜಾಗದಲ್ಲಿ ಗಂಡಸರ ಶೌಚಾಲಯಕ್ಕೆ ಹೋದರೆ ಪ್ಯಾಡ್ ಹಾಕಲು ಡಬ್ಬಿ ಕೂಡ ಇರುವುದಿಲ್ಲ. ಆ ನಾಲ್ಕು ದಿನ ಶಾಲೆ ಬಿಡುವವರು, ಕೂಲಿ ಬಿಡುವವರು, ಊಟವನ್ನೇ ಬಿಡುವವರು ಉಂಟು.

ಮಾಲಾ-ಎನ್ ಪಟ್ಟಿಯ ಲೆಕ್ಕ

ಇದಕ್ಕೆ ಮದ್ದು ದೂರದಲ್ಲಿಲ್ಲ. ಕುಟುಂಬ ಯೋಜನೆಗೆಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಪಟ್ಟಿಯನ್ನೇ ನೋಡಿ. ಅದರಲ್ಲಿ 28 ಮಾತ್ರೆ. ಮೊದಲ 21ರಲ್ಲಿ ಮಾತ್ರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿವೆ. ಉಳಿದ 7 ಬರೀ ಕಬ್ಬಿಣಾಂಶದ ಮಾತ್ರೆ. ಈ ಏಳು ದಿನಗಳಲ್ಲಿ ಹಾರ್ಮೋನು ಇಳಿಯುವುದರಿಂದ ರಕ್ತ ಕಾಣಿಸುತ್ತದೆ. ಅದು ನಿಜವಾದ ಮುಟ್ಟಲ್ಲ, ದೇಹಕ್ಕೆ ಅದು ಬೇಕೇ ಬೇಕು ಎಂದೇನೂ ಇಲ್ಲ. ಹಾಗಾಗಿ ವೈದ್ಯರು ಏಳು ಮಾತ್ರೆ ಬಿಟ್ಟು ನೇರವಾಗಿ ಮುಂದಿನ ಪಟ್ಟಿ ಶುರುಮಾಡಲು ಹೇಳುವುದುಂಟು. 'ಕೆಟ್ಟ ರಕ್ತ ಒಳಗೇ ನಿಂತುಬಿಟ್ಟರೆ?' ಎಂದು ಅಜ್ಜಿಯಂದಿರು ಗಾಬರಿಯಾಗುತ್ತಾರೆ. ನಿಲ್ಲುವ ಪ್ರಶ್ನೆಯೇ ಇಲ್ಲ, ಏಕೆಂದರೆ ಮಾತ್ರೆ ನುಂಗುತ್ತಿರುವಷ್ಟು ದಿನ ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆಯುವುದೇ ಇಲ್ಲ.

ಹೀಗೆ ನುಂಗುವವರಿಗೆ 28 ದಿನದ ಪಟ್ಟಿ 21 ದಿನಕ್ಕೇ ಮುಗಿಯುತ್ತದೆ. ತಿಂಗಳಿಗೊಂದರ ಲೆಕ್ಕದಲ್ಲಿ ಕೊಟ್ಟರೆ ಸಾಲದು, ಮೊದಲೇ ಹೇಳಿಟ್ಟುಕೊಳ್ಳಬೇಕು. ಮೊದಲ ಕೆಲವು ತಿಂಗಳು ಆಗಾಗ ಕಲೆ ಕಾಣಿಸುವುದು ಸಾಮಾನ್ಯ. ನಿಂತಿತು ಎಂದು ನಂಬಿದವರಿಗೆ ಈ ಕಲೆ ಮುಟ್ಟಿಗಿಂತ ಹೆಚ್ಚು ನೋವು ಕೊಡುತ್ತದೆ, ಹಲವರು ಮಾತ್ರೆ ಬಿಸಾಡುವುದೂ ಇಲ್ಲಿಯೇ. ದಿನಾ ಒಂದೇ ಹೊತ್ತಿಗೆ ನುಂಗಿದರೆ ಇದು ಕಡಿಮೆ. ಕನಿಷ್ಠ 21 ದಿನ ಬಿಡದೆ ನುಂಗಿದ ಮೇಲೂ ಕಲೆ ನಿಲ್ಲದಿದ್ದರೆ ಮೂರು-ನಾಲ್ಕು ದಿನ ಬಿಡುವು ಕೊಟ್ಟು ಮತ್ತೆ ಆರಂಭಿಸಲು ವೈದ್ಯರು ಹೇಳುತ್ತಾರೆ.

ಈಸ್ಟ್ರೋಜನ್ ಎಂಬ ಹೆಸರು ಕೇಳಿಯೇ ಕೆಲವರು ಹಿಂಜರಿಯುತ್ತಾರೆ. ಎದೆ ಬಿಗಿತ, ಓಕರಿಕೆ ಕೆಲವರಿಗೆ ಆಗುವುದು ನಿಜ. ಮೇಲಾಗಿ ಮಾತ್ರೆಯ ಹೆಸರೇ 'ಮಾಲಾ'! ಅದು ಕಣ್ಣಿಗೆ ಚುಚ್ಚುವುದಾದರೆ ಹೊರಗಿನ ಪೊಟ್ಟಣ ಎಸೆದು ಪಟ್ಟಿಯನ್ನಷ್ಟೇ ಇಟ್ಟುಕೊಳ್ಳಬಹುದು. ಮಾತ್ರೆ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ದಿನದ ಲೆಕ್ಕ ತಪ್ಪುತ್ತದೆ. ಬಿಪಿ ಹೆಚ್ಚಿರುವವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಲಿವರ್ ಕಾಯಿಲೆಯವರು, ಕಣ್ಣ ಮುಂದೆ ಬೆಳಕಿನ ಗೆರೆ ಕಂಡು ಅರೆತಲೆನೋವು ಬರುವವರು, 35 ದಾಟಿ ಬೀಡಿ-ಸಿಗರೇಟು ಸೇದುವವರು ಇದನ್ನು ನುಂಗಬಾರದು. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ ಮಾತ್ರೆ ಸರಿಯಾಗಿ ಕೆಲಸ ಮಾಡದು. ಫಿಟ್ಸ್‌ನ ಕೆಲವು ಔಷಧಗಳೂ ಹಾಗೆಯೇ.

ಈಸ್ಟ್ರೋಜನ್ ಇಲ್ಲದ ದಾರಿ

ಈಸ್ಟ್ರೋಜನ್ ಒಲ್ಲದವರಿಗೆ 'ಅಂತರಾ' ಇಂಜೆಕ್ಷನ್ ಇದೆ. ಮೂರು ತಿಂಗಳಿಗೊಮ್ಮೆ ಚುಚ್ಚುವ ಇದು 2017ರಲ್ಲಿ ಸರಕಾರಿ ಯೋಜನೆಗೆ ಸೇರಿತು. ಆರಂಭದಲ್ಲಿ ಹೇಳದೆ ಕೇಳದೆ ರಕ್ತ ಕಾಣಿಸಿ ತಾಳ್ಮೆ ಪರೀಕ್ಷಿಸುತ್ತದೆ. ವರ್ಷ ಕಳೆಯುವ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಮುಟ್ಟು ನಿಂತಿರುತ್ತದೆ. ದಿನಾ ಮಾತ್ರೆ ನೋಡಿ ನೆನಪಾಗುವ ಕಾಟ ಇಲ್ಲ, ಮನೆಯಲ್ಲಿ ಬಚ್ಚಿಡುವ ಪಾಡೂ ಇಲ್ಲ. ಆದರೆ ಒಮ್ಮೆ ಚುಚ್ಚಿಸಿಕೊಂಡರೆ ಒಗ್ಗದಿದ್ದರೂ ಮೂರು ತಿಂಗಳು ತಾಳಬೇಕು. ತೂಕ ಏರಬಹುದು. ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಬಿಟ್ಟ ಮೇಲೆ ಬಹುಪಾಲು ಮರಳುತ್ತದೆ.

ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನವೂ ಉಂಟು, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಇಡಿಸಿಕೊಳ್ಳುವ ಪರೀಕ್ಷೆಯೇ ಕೆಲವರಿಗೆ ಸಹಿಸಲಾಗದ್ದು. ಇದನ್ನು ಕಾಪರ್-ಟಿ ಎಂದು ತಿಳಿದು ಮೋಸಹೋಗಬೇಡಿ. ಕಾಪರ್-ಟಿಯಲ್ಲಿ ಹಾರ್ಮೋನಿಲ್ಲ, ಅದು ರಕ್ತಸ್ರಾವವನ್ನು ಹೆಚ್ಚಿಸುವುದೇ ಜಾಸ್ತಿ. ವಾರದ ಮಾತ್ರೆ 'ಛಾಯಾ' ಕೂಡ ಹಾರ್ಮೋನಲ್ಲ. ಮುಟ್ಟು ತಡವಾಗಬಹುದು, ಯಾವಾಗ ಬರುತ್ತದೋ ಗೊತ್ತಾಗದು.

ಇನ್ನು ಜಾತ್ರೆಯ ಮಾತ್ರೆ. ಅದು ನಾರೆಥಿಸ್ಟೆರಾನ್ ಎಂಬ ಪ್ರೊಜೆಸ್ಟಿನ್. ಮುಂದೂಡಲು ನುಂಗುವ ರೀತಿಯಲ್ಲಿ ಅದು ಗರ್ಭನಿರೋಧಕವಲ್ಲ, ನಿಲ್ಲಿಸಿದ ಎರಡು-ಮೂರು ದಿನಕ್ಕೆ ಮುಟ್ಟು ಬರುತ್ತದೆ. ಅದರ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುವುದರಿಂದ ಹೆಪ್ಪುಗಟ್ಟುವ ಭಯ ಇದ್ದವರಿಗೆ ಇಲ್ಲೂ ಎಚ್ಚರ ಬೇಕು. ವೈದ್ಯರು ಕಡಿಮೆ ಪ್ರಮಾಣದಲ್ಲಿ ದೀರ್ಘಕಾಲ ಕೊಡುವುದುಂಟು. ಅಂಗಡಿಯವರನ್ನು ಕೇಳಿ ತಿಂಗಳುಗಟ್ಟಲೆ ನುಂಗುವುದು ಬೇರೆ ಮಾತು.

ಟೆಸ್ಟೋಸ್ಟೆರಾನ್ ಚಿಕಿತ್ಸೆ ಪಡೆಯುವವರಲ್ಲಿ ಹೆಚ್ಚಿನವರಿಗೆ ಆರು ತಿಂಗಳೊಳಗೆ ಮುಟ್ಟು ನಿಲ್ಲುತ್ತದೆ. ನಿಂತ ಮಾತ್ರಕ್ಕೆ ಗರ್ಭ ನಿಲ್ಲದು ಎಂದು ಭಾವಿಸುವುದು ತಪ್ಪು, ಗರ್ಭ ನಿಂತಾಗ ಟೆಸ್ಟೋಸ್ಟೆರಾನ್ ಶಿಶುವಿಗೆ ಹಾನಿಕರ. ಹೀಗಾಗಿ ಅಗತ್ಯವಿದ್ದವರಿಗೆ ಅಂತರಾದಂಥ ಪ್ರೊಜೆಸ್ಟಿನ್ ಅನ್ನು ಜೊತೆಗೇ ಕೊಡುತ್ತಾರೆ, ಅದರಿಂದ ಗಡ್ಡ-ದನಿಗೆ ಅಡ್ಡಿಯಿಲ್ಲ. ಪೂರ್ತಿ ನಿಂತ ರಕ್ತ ಮತ್ತೆ ಕಾಣಿಸಿದರೆ ತೋರಿಸಿಕೊಳ್ಳಬೇಕು.

ಆಸ್ಪತ್ರೆಯಲ್ಲಿ ಏನು ಹೇಳುವುದು?

ಬಹಳ ಜನರನ್ನು ತಡೆಯುವುದು ಈ ಪ್ರಶ್ನೆಯೇ. ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ನಿಂತು 'ಬಾಮ್ಮ, ಯಾವಾಗ ಆಗಿದ್ದು?' ಎನಿಸಿಕೊಳ್ಳುವುದಕ್ಕಿಂತ ಸಂಕಟವೇ ವಾಸಿ ಎನ್ನುವವರಿದ್ದಾರೆ. 'ಮುಟ್ಟು ಬಂದಾಗ ತಡೆಯಲಾಗದಷ್ಟು ಕಷ್ಟವಾಗುತ್ತದೆ, ನಿಲ್ಲಿಸುವ ದಾರಿ ಬೇಕು' ಎಂದರೆ ಮಾತು ಆರಂಭಿಸಲು ಸಾಕು. ಉಳಿದದ್ದನ್ನು ಹೇಳುವುದು ಬಿಡುವುದು ಅವರವರ ಇಷ್ಟ, ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮುಚ್ಚಿಡಬಾರದು. ಮಾತ್ರೆ, ಇಂಜೆಕ್ಷನ್ ಆರಂಭಿಸಲು ಬಿಪಿ ನೋಡಿ ಹಿಂದಿನ ಕಾಯಿಲೆಗಳನ್ನು ಕೇಳಿದರೆ ಸಾಮಾನ್ಯವಾಗಿ ಸಾಕು, ಕೆಳಗಿನ ಪರೀಕ್ಷೆ ಬೇಕಿಲ್ಲ. 18 ತುಂಬದವರಿಗೆ ಮನೆಯವರ ಒಪ್ಪಿಗೆ ಕೇಳುತ್ತಾರೆ. ಅಂಥ ಮಕ್ಕಳ ಜೊತೆ ಬರುವ ಅಮ್ಮನೋ ಅಕ್ಕನೋ ಅರ್ಧ ಭಾರ ಇಳಿಸಿದಂತೆ.

ಗುರುತಿನವರ ಕಣ್ಣು ತಪ್ಪಿಸಲು ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಜತ್ತದವರು ವಿಜಯಪುರಕ್ಕೆ ಹೋಗಬಹುದು. ಹಾಗೆ ಹೋದವರು ಚೀಟಿಯನ್ನೂ ಇಂಜೆಕ್ಷನ್ ತಾರೀಕನ್ನೂ ಜೋಪಾನವಾಗಿಟ್ಟುಕೊಳ್ಳಬೇಕು, ಒಂದು ರಾಜ್ಯದ ಆಸ್ಪತ್ರೆಯ ಪುಸ್ತಕ ಇನ್ನೊಂದು ರಾಜ್ಯದಲ್ಲಿ ತೆರೆಯುವುದಿಲ್ಲ. ಮಾತ್ರೆ ನುಂಗುವಾಗ ಒಂದೇ ಕಾಲು ಊದಿ ನೋಯತೊಡಗಿದರೆ, ಎದೆನೋವು, ಏದುಸಿರು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮನಸ್ಸು ಕುಸಿದು ಬದುಕೇ ಬೇಡ ಎನಿಸಿದ ದಿನ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು.